ಎಲ್ಲರಿಗೂ ಹೋದ ಉತ್ತರ

ಹೆರಿಗೆ ವಾರ್ಡಿನ ಮುಖ್ಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಪಾಳಿ ಬದಲಾಗುವಾಗ ಹೊರಡುವವರೂ ಬಂದವರೂ ಹಾಸಿಗೆಯಿಂದ ಹಾಸಿಗೆಗೆ ಒಟ್ಟಿಗೆ ನಡೆದು, ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಬೇಕು. ಅದು ಅವಳು ತಂದ ಪದ್ಧತಿ. ಒಬ್ಬಳ ಕಿವಿಯಲ್ಲೇ ಉಳಿದ ಮಾತು ರೋಗಿಯ ಉಪಯೋಗಕ್ಕೆ ಬಾರದು ಎಂಬುದು ಅವಳ ನಂಬಿಕೆ.

ಆಸ್ಪತ್ರೆಗೆ ಹೊಸ ಇಮೇಲ್ ವ್ಯವಸ್ಥೆ ಬಂದಾಗ, ಕಂಪ್ಯೂಟರ್ ನೋಡಿಕೊಳ್ಳುವ ತಂತಿಯಣ್ಣನಿಗೂ ಅವಳಿಗೂ ಜಟಾಪಟಿಯಾಯಿತು. ವಾರ್ಡಿನ ಗುಂಪಿಗೆ ಬಂದ ಪತ್ರಕ್ಕೆ ಉತ್ತರಿಸಿದರೆ ಅದು ಬರೆದವರಿಗಷ್ಟೇ ಹೋಗಲಿ ಎಂದು ಅವನು. ಎಲ್ಲರಿಗೂ ಹೋಗಲಿ ಎಂದು ಅವಳು.

"ದೊಡ್ಡಕ್ಕ, ಜನ ಗುಂಡಿ ನೋಡಿ ಒತ್ತಲ್ಲ. ನಾವು ಮೊದಲೇ ಏನು ಇಟ್ಟಿರ್ತೀವೋ ಅದೇ ಅವರ ಹಣೆಬರಹ."

"ನನ್ನ ಹುಡುಗಿಯರು ಕಣ್ಣು ಬಿಟ್ಕೊಂಡೇ ಕೆಲಸ ಮಾಡೋದು. ನೀನು ನಿನ್ನ ತಂತಿ ನೋಡ್ಕೋ."

ಅವಳ ಮಾತೇ ನಡೆಯಿತು.

ಕೆಲವು ತಿಂಗಳ ಮೇಲೆ, ಮುಂದಿನ ಪಾಳಿಗೆ ಯಾರಿಗೆ ಏನು ಅಡ್ಡಿ ಎಂದು ದೊಡ್ಡಕ್ಕ ಗುಂಪಿಗೆ ಬರೆದಳು. ಮಿತಭಾಷಿ ನರ್ಸೊಬ್ಬಳು ಉತ್ತರಿಸಿದಳು: "ಅಕ್ಕ, ಸ್ವಲ್ಪ ದಿನ ನನ್ನನ್ನು ಕೂಸುಗಳ ಕೋಣೆಗೆ ಹಾಕಬೇಡಿ. ನನ್ನ ಬಸಿರು ನಿಲ್ಲಲಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ."

ವಾರ್ಡೆಲ್ಲ ಓದಿತು. ಅವಳ ನಾದಿನಿಯೂ ಅದೇ ವಾರ್ಡಿನವಳು.

ಮರುದಿನ ಬಟ್ಟೆ ಮಡಚುವ ಕೋಣೆಗೆ ಬಂದ ಆ ನರ್ಸ್ ಅಳಲಿಲ್ಲ. "ನಾನು ಮನೆ ಸೇರೋ ಮೊದಲೇ ಸುದ್ದಿ ಸೇರಿತ್ತು, ಅಕ್ಕ. ಬಸಿರಾದದ್ದನ್ನೂ ಮುಚ್ಚಿಟ್ಟೆ ಅಂತ ಅತ್ತೆ ಮಾತು ಬಿಟ್ಟಿದ್ದಾರೆ. ಇಲ್ಲಿ ನನ್ನ ಕಂಡ್ರೆ ಎಲ್ಲರೂ ದನಿ ತಗ್ಗಿಸ್ತಾರೆ. ಬೇರೆ ವಾರ್ಡಿಗೆ ಕಳಿಸಿಬಿಡಿ."

ನೋಡಿ ಒತ್ತಬಾರದಿತ್ತೇ ಎಂಬ ಮಾತು ದೊಡ್ಡಕ್ಕನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ನಿನ್ನಂಥವಳನ್ನ ಕಳಕೊಳ್ಳೋಕೆ ಇಷ್ಟ ಇಲ್ಲ" ಎಂದಳು.

"ಇರೋಕೆ ನನ್ನ ಕೈಲಿ ಆಗಲ್ಲ."

ದೊಡ್ಡಕ್ಕ ನೇರ ತಂತಿಯಣ್ಣನ ಬಳಿ ಹೋದಳು. "ಬದಲಾಯಿಸು. ನೀನು ಹೇಳಿದ್ದೇ ಸರಿ."

"ಸರಿ ಅನ್ನಿಸ್ಕೊಂಡು ಏನು ಬಂತು, ಅಕ್ಕ," ಎಂದು ಅವನು ತಲೆಯೆತ್ತದೆ ಬದಲಾಯಿಸಿದ.

ಅಂದೇ ಅವಳು ಗುಂಪಿಗೆ ಬರೆದಳು: ಹಾಗೆ ಇಡಿಸಿದವಳು ನಾನು, ಆ ಹುಡುಗಿಯ ತಪ್ಪೇನಿಲ್ಲ, ಇನ್ನು ಉತ್ತರಗಳು ನನಗೊಬ್ಬಳಿಗೇ ಬರುತ್ತವೆ.

ಬಂದವು. ಅವುಗಳಲ್ಲಿ ಎರಡು, ಅದೇ ನೋವನ್ನು ಉಂಡು, ಯಾರಿಗೂ ಬಾಯಿ ಬಿಡದೆ ವರ್ಷಗಳಿಂದ ಕೂಸುಗಳ ಕೋಣೆಯಲ್ಲೇ ದುಡಿಯುತ್ತಿದ್ದವರದು. ಓದಿ ಮುಗಿಸಿ, ದೊಡ್ಡಕ್ಕ ಆ ಹುಡುಗಿಯ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿದಳು.