ಜಿನೀವಾಕ್ಕೆ ಹೋಗಿಬಂದ ಸಿಸ್ಟರ್

ನಾನು ಗುಳಿಗೆ ಕೊಡುತ್ತಿದ್ದ ಕಮಲಾಪುರದ ಚರ್ಚಿನ ದವಾಖಾನೆಯಲ್ಲಿ ಒಬ್ಬ ಕ್ಯಾಥೊಲಿಕ್ ಸಿಸ್ಟರ್ ಇದ್ದರು. ಬಸುರಿಯರ ಹೊಟ್ಟೆ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಗರ್ಭ ತೆಗೆಸಲು ಬಂದವರಿಗೆ ಅವರದು ಒಂದೇ ಮಾತು: "ನೀ ಹಡಿ ಯವ್ವಾ, ನಾವ್ ಅದೀವಿ."

ಅದನ್ನೇ ಹೇಳಿಸಲು ಚರ್ಚಿನವರು ಅವರನ್ನು ಜಿನೀವಾಕ್ಕೆ ಕಳಿಸಿದರು. ಗರ್ಭಪಾತದ ಹಕ್ಕಿನ ಬಗ್ಗೆ ಹಲವು ದೇಶಗಳವರು ವಾದಿಸುತ್ತಿದ್ದ ಸಭೆ ಅದು. ಸಿಸ್ಟರ್ ಮಾತಿಗೆ ಜೋರು ಚಪ್ಪಾಳೆ ಬಿತ್ತಂತೆ.

ಸಿಸ್ಟರ್ ಮರಳಿ ಬಂದಾಗ ದವಾಖಾನೆಯ ಕಟ್ಟೆಯ ಮೇಲೆ ಒಬ್ಬ ಹುಡುಗಿ ಹಸುಗೂಸು ಹಿಡಿದು ಕೂತಿದ್ದಳು. ಮದುವೆಯಾಗದ ಅವಳಿಗೆ ಹಡೆಯಲು ಹೇಳಿದವರು ಸಿಸ್ಟರೇ. ಈಗ ಮನೆಯವರು ಹೊರಗೆ ಹಾಕಿದ್ದರು. ಚರ್ಚಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಸೇರಿಸಲು ಸಿಸ್ಟರ್ ಅವಳನ್ನು ಕಲಬುರಗಿಗೆ ಕರೆದೊಯ್ದರು; ಜೊತೆಗೆ ನಾನೂ ಹೋದೆ. ಸಿಸ್ಟರನ್ನು ಸಭೆಗೆ ಆರಿಸಿದ್ದ ಫಾದರ್, ಹಾಸ್ಟೆಲಿನಲ್ಲಿ ಜಾಗವಿಲ್ಲ ಎಂದರು.

"ಬ್ಯಾರೆ ಹುಡುಗ್ಯಾರ ಮನ್ಯಾಗ ಏನಂತಾರ್ರೀ ಸಿಸ್ಟರ್? ಅದಿರ್ಲಿ, ಮುಂದಿನ ಸಭಾಕ್ಕೂ ನೀವೇ ಹೋಗ್ಬೇಕು."

"ಹಂಗಾರ ನಾ ಅಲ್ಲಿ ಹೇಳಿದ್ದು ಸುಳ್ಳಾತಲ್ರೀ, ಫಾದರ್," ಎಂದರು ಸಿಸ್ಟರ್. ಮತ್ತೆ ಹೋಗಲು ಒಪ್ಪಲಿಲ್ಲ.

ಹುಡುಗಿ ಕಲಬುರಗಿಯ ಶಹಾಬಜಾರದಲ್ಲಿ ಮನೆಮನೆಯ ಪಾತ್ರೆ ತಿಕ್ಕಿ ಕೂಸು ಸಾಕಿದಳು. ಚರ್ಚಿನವರು ಸಿಸ್ಟರನ್ನು ದೂರದ ಊರಿಗೆ ವರ್ಗ ಮಾಡಿದರು. ಅವರ ಜಾಗಕ್ಕೆ ಬಂದ ಹೊಸ ಸಿಸ್ಟರಿಗೆ ದವಾಖಾನೆಯ ಕೀಲಿಕೈ ಕೊಡುವ ಮೊದಲೇ ಪಾಸ್‌ಪೋರ್ಟ್ ಮಾಡಿಸಿದರು.