ಹುಣಸೆಹಣ್ಣಿನ ಗೋದಾಮಿನಲ್ಲಿ ಹಿಮಾಲಯ

ಬೆಂಗಳೂರಿನಲ್ಲಿ ಹೀಟರ್ ಅಂದರೆ ಸ್ನಾನದ ನೀರು ಕಾಯಿಸುವುದು. ಇಡೀ ಕೋಣೆಯನ್ನೇ ಬೆಚ್ಚಗೆ ಮಾಡುವ ಯಂತ್ರ ಒಂದಿದೆ, ಅದನ್ನು ವ್ಯಾನಿನೊಳಗೆ ಕೂರಿಸಬೇಕು ಎಂದು ಹೇಳಿಕೊಂಡು ಹೋದಾಗ ವಿಜಯನಗರದಿಂದ ರಾಜಾಜಿನಗರದವರೆಗೆ ನಾಲ್ಕು ವರ್ಕ್‌ಶಾಪಿನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಬ್ಬರಂತೂ, "ಏಪ್ರಿಲ್ ಬಿಸಿಲು ಮೇಡಂ, ಎಸಿ ಹಾಕ್ಸಿ" ಎಂದು ಎಳನೀರು ತರಿಸಿ ಕೊಟ್ಟರು. ನನ್ನ ತಲೆ ಕಾದಿದೆ ಅಂದುಕೊಂಡಿರಬೇಕು.

ಹೀಟರ್ ಬೇಕಾಗಿದ್ದದ್ದು ಅಕ್ಕನಿಗೆ. ನನಗಿಂತ ಹತ್ತು ವರ್ಷ ದೊಡ್ಡವಳು, ಈಗ ಅರವತ್ತೆಂಟು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನಗೆ ಜಡೆ ಹಾಕಿದವಳೂ ಬೈದವಳೂ ಕಾಲೇಜಿಗೆ ಸೇರಿಸಿದವಳೂ ಅವಳೇ. ತನಗಾಗಿ ಅವಳು ಇಟ್ಟುಕೊಂಡಿದ್ದ ಆಸೆ ಒಂದೇ, ಹಿಮ ನೋಡಬೇಕು ಅನ್ನುವುದು. ಆರು ವರ್ಷದ ಹಿಂದೆ ಇಬ್ಬರೂ ಹಿಮಾಚಲಕ್ಕೆ ಹೋಗಿದ್ದೆವು. ಅವಳಿಗೊಂದು ತೊಂದರೆಯಿದೆ. ಚಳಿ ತಗುಲಿದರೆ ಕೈಕಾಲಿನ ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಮರಗಟ್ಟುತ್ತವೆ. ಹಿಮ ಇನ್ನೆರಡು ಗಂಟೆಯ ದಾರಿ ಅನ್ನುವಲ್ಲಿ, ಲಾಡ್ಜಿನ ತಣ್ಣನೆಯ ಕೋಣೆಯಲ್ಲಿ, ಮೂರು ರಜಾಯಿ ಹೊದ್ದರೂ ಅವಳ ಕಾಲು ಬಿಸಿಯಾಗಲಿಲ್ಲ. ಬೆಳಿಗ್ಗೆ, "ನನ್ನ ಕೈಲಾಗಲ್ಲ ಕಣೇ. ನೀನು ಹೋಗಿ ಬಾ" ಅಂದಳು. ನಾನು ಹೋಗಿ ಬಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು ಎಂದು ಅವಳು ನಕ್ಕಳು. ಆಮೇಲೆ ಹಿಮದ ಸುದ್ದಿಯನ್ನೇ ಎತ್ತಲಿಲ್ಲ.

ಅವಳಿಗೆ ಹಿಮ ತೋರಿಸಲೇಬೇಕು ಅನ್ನುವುದು ನನ್ನ ಹಟವಾಯಿತು. ಮಲಗುವ ಜಾಗ ಬೆಚ್ಚಗಿದ್ದರೆ ಹೋಗಬಹುದು ಎಂದು ಡಾಕ್ಟರು ಒಪ್ಪಿದರು. ಅಕ್ಕ ಒಪ್ಪಲಿಲ್ಲ. "ಮೊದಲು ಬೆಚ್ಚಗಾಗಲಿ, ಆಮೇಲೆ ನೋಡೋಣ" ಅಂದಳು. ನಾನು ರಿಟೈರ್ ಆದ ಮೇಲೆ ಅಡುಗೆ ಕಂಟ್ರಾಕ್ಟರೊಬ್ಬರ ಹಳೆಯ ಡೀಸೆಲ್ ವ್ಯಾನು ಕೊಂಡೆ. ಮೂರು ಸಲ ತೊಳೆದರೂ ಅದರೊಳಗೆ ಸಾರಿನಪುಡಿಯ ವಾಸನೆ ಹೋಗಿರಲಿಲ್ಲ.

ಐದನೆಯ ವರ್ಕ್‌ಶಾಪು ಹೇರೋಹಳ್ಳಿಯಲ್ಲಿತ್ತು. ಅಲ್ಲಿಯ ರಸ್ತೆಯಲ್ಲಿ ಬಿಚ್ಚಿಕೊಳ್ಳದೆ ಉಳಿದ ವ್ಯಾನು ಎಲ್ಲಿ ಬೇಕಾದರೂ ಉಳಿಯುತ್ತದೆ. ಮೇಸ್ತ್ರಿ ಆ ಊರಿನ ಹಳೆಯ ಒಕ್ಕಲು ಮನೆಯವರು. ಹೊಲವೆಲ್ಲ ಸೈಟುಗಳಾದ ಮೇಲೆ ಅವರ ದಾಯಾದಿಗಳು ಬಾಡಿಗೆ ಎಣಿಸುತ್ತ ಜಗಲಿಯ ಮೇಲೆ ಕೂತರು. ಇವರು ಒಂದು ಮೂಲೆ ಉಳಿಸಿಕೊಂಡು, ಶೆಡ್ ಹಾಕಿ, ಕಲ್ಯಾಣ ಮಂಟಪಗಳಿಗೆ ಎಸಿಯ ಗಾಳಿ ಹಂಚುವ ಡಕ್ಟ್ ಮಾಡುತ್ತ ಮೂವತ್ತು ವರ್ಷ ತಗಡು ಕತ್ತರಿಸಿದವರು. ಮರಗೆಲಸವೂ ಗೊತ್ತು. ನನ್ನ ಮಾತು ಕೇಳಿ ಅವರು ನಗಲಿಲ್ಲ. "ಮಲಗೋರು ಯಾರು?" ಎಂದಷ್ಟೇ ಕೇಳಿದರು. ಅಕ್ಕ ಅಂದೆ. "ಅವ್ರನ್ನ ಕರ್ಕೊಂಡ್ ಬನ್ನಿ, ಅಳತೆ ತಗೋಬೇಕು."

ಅಳತೆ ಅಂದರೆ ಟೇಪು ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ನೆಲದ ಮೇಲೆ ಪೇಪರ್ ಹಾಸಿ, ಅದರ ಮೇಲೊಂದು ಚಾಪೆ ಹಾಸಿ, ಅಕ್ಕನನ್ನು ಮಲಗಿಸಿ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದರು. ಯಾವ ಮಗ್ಗುಲಿಗೆ ಏಳುತ್ತಾಳೆ, ಕೂತಲ್ಲಿಂದ ಕೈ ಎಲ್ಲಿಯವರೆಗೆ ಎಟಕುತ್ತದೆ, ಎಲ್ಲ ನೋಡಿದರು. ಬೆರಳು ಮರಗಟ್ಟುವ ವಿಷಯ ಕೇಳಿದ ಮೇಲೆ ಕಪಾಟುಗಳಿಗೆ ಸಣ್ಣ ಗುಬುಟು ಹಾಕುವುದು ಬಿಟ್ಟು, ಇಡೀ ಅಂಗೈಯಲ್ಲಿ ಎಳೆಯುವಂಥ ಅಗಲದ ಮರದ ಹಿಡಿಗಳನ್ನು ಮಾಡಿದರು. ಮೂಲೆಗಳನ್ನೆಲ್ಲ ಉಜ್ಜಿ ಗುಂಡಗೆ ಮಾಡಿದರು. ಯಾರೂ ಹೇಳಿರಲಿಲ್ಲ. ನಾನು ಆ ಮನುಷ್ಯನಿಗೆ ಶರಣಾದದ್ದು ಆ ಹಿಡಿಗಳನ್ನು ನೋಡಿದ ದಿನ.

ಹೀಟರ್ ಅನ್ನುವುದು ಪ್ರೆಶರ್ ಕುಕ್ಕರಿನ ರಟ್ಟಿನ ಡಬ್ಬಿಯಷ್ಟು ದೊಡ್ಡದು. ವ್ಯಾನಿನ ಟ್ಯಾಂಕಿನ ಡೀಸೆಲನ್ನೇ ಚೂರುಚೂರು ಕುಡಿದು ಬಿಸಿಗಾಳಿ ಊದುತ್ತದೆ. ಹೊಗೆ ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಬಿಸಿಗಾಳಿಯನ್ನು ಒಳಗೆಲ್ಲ ಹಂಚಲು ಡಕ್ಟ್ ಬೇಕು. ಅದರ ನಕ್ಷೆ ಬರೆದದ್ದು ನಾನು. ಮಾಲ್‌ಗಳಲ್ಲಿ, ಮಂಟಪಗಳಲ್ಲಿ ನೋಡಿದ ಹಾಗೆ ಚಾವಣಿಯುದ್ದಕ್ಕೂ ಕೊಳವೆ, ನಾಲ್ಕು ಬಾಯಿ. ಮೇಸ್ತ್ರಿಗೂ ಅದು ಸಹಜವಾಗಿಯೇ ಕಂಡಿತು. ಮೂರು ವಾರ ಕೂತು, ಕೊಳವೆಯೆಲ್ಲ ಮುಚ್ಚುವ ಹಾಗೆ ತೇಗದ ಪದರದ ಹಲಗೆಗಳನ್ನು ಜೋಡಿಸಿದರು. ಒಂದು ಹಲಗೆಯ ನಾರಿನ ಗೆರೆ ಮುಂದಿನದಕ್ಕೆ ಹೋಗಿ ಸೇರುತ್ತಿತ್ತು. ನಾನು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ.

ಇನ್ನು ಹೊರಡುವುದೇ ಎಂದು ನಾನು ಕುಣಿಯುತ್ತಿದ್ದೆ. ಅವರು ತಡೆದರು. "ಅಲ್ಲೋಗಿ ಕೈ ಕೊಟ್ರೆ? ಅಮ್ಮಾವ್ರನ್ನ ಇನ್ನೊಂದ್ ಸಲ ವಾಪಸ್ ಕರ್ಕೊಂಡ್ ಬರ್ತೀರಾ? ಚಳಿ ಇರೋ ಜಾಗ ನಂಗೊತ್ತು, ನಡೀರಿ."

ಕೆಂಗೇರಿ ದಾಟಿದ ಮೇಲೆ ಒಂದು ಕೋಲ್ಡ್ ಸ್ಟೋರೇಜ್. ಹುಣಸೆಹಣ್ಣು, ಒಣಮೆಣಸಿನಕಾಯಿ ಇಡುವ ಜಾಗ. ಅಲ್ಲಿಯ ಡಕ್ಟ್ ಕೆಲಸ ಇವರದೇ ಆದ್ದರಿಂದ ಮಾಲೀಕರು ಇಲ್ಲ ಅನ್ನಲಿಲ್ಲ. ಹೊರಗೆ ಮೇ ತಿಂಗಳ ಮಧ್ಯಾಹ್ನ. ಒಳಗೆ ಮಂಕಿಕ್ಯಾಪ್ ಹಾಕಿಕೊಂಡ ಹಮಾಲಿಗಳು. ಅರ್ಧ ಖಾಲಿಯಿದ್ದ ಕೋಣೆಯೊಂದಕ್ಕೆ ವ್ಯಾನನ್ನು ಹಿಮ್ಮುಖವಾಗಿ ತಳ್ಳಿದೆವು. ಹೊಗೆಗೆ ಉದ್ದನೆಯ ಪೈಪು ಸಿಕ್ಕಿಸಿ ಅದರ ತುದಿ ಕಟ್ಟಡದ ಹೊರಗೆ ಬಿಡುವವರೆಗೂ ಮೇಸ್ತ್ರಿ ಹೀಟರ್ ಮುಟ್ಟಲು ಬಿಡಲಿಲ್ಲ.

ಅರ್ಧ ಗಂಟೆಯ ನಂತರ, ವ್ಯಾನಿನೊಳಗೆ ಮಲಗಿದ್ದ ಅಕ್ಕ ತೀರ್ಪು ಕೊಟ್ಟಳು. "ತಲೆ ಹತ್ರ ಬೆಂಗಳೂರು, ಕಾಲ್ ಹತ್ರ ಕಾಶ್ಮೀರ." ನಕ್ಕಳೇನೋ ನಿಜ. ಆದರೆ ಕಾಲಿನ ಬೆರಳುಗಳು ಬೆಳ್ಳಗಾಗಿದ್ದವು. "ಬಿಡೇ, ಇದೆಲ್ಲ ನಂಗಲ್ಲ" ಅಂದಳು. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಸಿಟ್ಟು ಮೇಸ್ತ್ರಿಯ ಮೇಲೆ ಹೋಯಿತು. "ಮೂವತ್ತು ವರ್ಷ ಡಕ್ಟ್ ಮಾಡಿದೀರಿ, ಇಷ್ಟು ಗೊತ್ತಾಗ್ಲಿಲ್ವಾ?" ಎಂದು ಎಲ್ಲರೆದುರು ರೇಗಿದೆ.

ಅವರು ನನ್ನ ನಕ್ಷೆಯ ಸುದ್ದಿ ಎತ್ತಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ವ್ಯಾನು ಹತ್ತಿ, ಅಕ್ಕನ ಜಾಗದಲ್ಲಿ ಮಲಗಿದರು. ಇಪ್ಪತ್ತು ನಿಮಿಷ ಹಾಗೇ ಇದ್ದರು. ಇಳಿದು ಬಂದು ಅಕ್ಕನಿಗೆ ಹೇಳಿದರು: "ತಪ್ಪು ನಂದಮ್ಮ. ತಂಪು ಮೇಲಿಂದ ಸುರೀತದೆ, ಬಿಸಿ ಕೆಳಗಿಂದ ಏಳ್ತದೆ. ಚಿಕ್ಕೋನಿದ್ದಾಗ ಬಚ್ಚಲ ಒಲೆಗೆ ಉರಿ ಹಾಕ್ದೋನು ನಾನು, ನಂಗ್ ಹೊಳೀಬೇಕಿತ್ತು. ಹತ್ತು ದಿನ ಕೊಡಿ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವತ್ತು ಆ ಕುಣಿಯಲಾರದವಳು ನಾನೇ ಆಗಿದ್ದೆ. ನಾಚಿಕೆಯಿಂದ ನನಗೆ ಆ ಚಳಿಯಲ್ಲೂ ಕಿವಿ ಬಿಸಿಯಾಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಈ ಮನುಷ್ಯ ಬಿಚ್ಚುವುದಕ್ಕೂ ಮೂರು ದಿನ ತೆಗೆದುಕೊಂಡರು. ಒಂದು ಹಲಗೆಯೂ ಸೀಳಲಿಲ್ಲ, ಒಂದು ಸ್ಕ್ರೂ ಕೂಡ ವ್ಯರ್ಥವಾಗಲಿಲ್ಲ. ಕೊಳವೆಯನ್ನು ನೆಲಕ್ಕೆ ಇಳಿಸಿದರು. ಒಂದು ಬಾಯಿ ಮಂಚದ ಹಲಗೆಗಳ ಕೆಳಗೆ, ಒಂದು ನೇರ ಕಾಲಿನ ಕಡೆಗೆ. ಕೆಳಗೆ ಮಾಡಿಸಿದ್ದ ಪಾತ್ರೆಯ ಗೂಡು ಚಾವಣಿಗೆ ಹೋಯಿತು. ನಾನು ಕ್ಷಮೆ ಕೇಳಲೆಂದು ದಿನವೂ ಹೋಗಿ, ಕೇಳದೆ, ಅವರ ತಗಡಿನ ಇನ್ನೊಂದು ತುದಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಐದನೆಯ ದಿನ ಕೇಳಿದೆ. "ಸರಿಯಾಗಿ ಹಿಡ್ಕೊಳ್ಳಿ ಮೇಡಂ, ಅಲುಗಾಡ್ತಿದೆ" ಅಂದರು.

ಎರಡನೆಯ ಪರೀಕ್ಷೆಗೆ ಅಕ್ಕ ಬರುವುದಿಲ್ಲ ಎಂದು ಕೂತಳು. "ನನಗಾಗಿ ಅಲ್ಲ, ಅವರಿಗಾಗಿ ಬಾ" ಅಂದ ಮೇಲೆ ಬಂದಳು. ಈ ಸಲ ಒಳಗೆ ಅವಳೊಬ್ಬಳೇ. ನಾನು ವ್ಯಾನಿನ ಬಾಗಿಲ ಹೊರಗೆ ಶಾಲು ಹೊದ್ದು, ಮೇಸ್ತ್ರಿ ಹುಣಸೆಹಣ್ಣಿನ ಮೂಟೆಯ ಮೇಲೆ. ಒಳಗೆ ಎಷ್ಟು ಡಿಗ್ರಿ ಇದೆಯೋ ನೋಡೋಣ ಅಂದೆ. "ಮಿಷನ್ನ ಕೇಳ್ಬೇಡಿ, ಅವ್ರ ಕಾಲ್ನ ಕೇಳಿ" ಅಂದರು. ಅರ್ಧ ಗಂಟೆ ಕಳೆಯಿತು. ಮುಕ್ಕಾಲಾಯಿತು. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು.

ಒಂದು ಗಂಟೆಗೆ ಬಾಗಿಲು ಸರಿಯಿತು. ಅಕ್ಕ ಸ್ವೆಟರ್ ಬಿಚ್ಚಿಟ್ಟಿದ್ದಳು. ಒಂದು ಕಾಲನ್ನು ಮುಂದೆ ಚಾಚಿದಳು. ಮೇಸ್ತ್ರಿ ಎದ್ದು ಬಂದು ಬಗ್ಗಿ ನೋಡಿದರು. ಐದು ಬೆರಳೂ ಕೆಂಪಗಿದ್ದವು. ಅವರು ತಲೆಯಾಡಿಸಿ, ಹೊಗೆ ಪೈಪು ನೋಡಿ ಬರ್ತೀನಿ ಎಂದು ಆಚೆ ಹೋದರು. ಇಂಥ ಇನ್ನೊಬ್ಬ ಕೆಲಸಗಾರರನ್ನು ನಾನು ನನ್ನ ಜೀವಮಾನದಲ್ಲಿ ನೋಡಿಲ್ಲ.

ನಾನು ಮಂಚದ ತುದಿಯಲ್ಲಿ ಕೂತು ಅವಳ ಪಾದ ಮುಟ್ಟಿದೆ. ಬೆಚ್ಚಗಿತ್ತು. "ಯಾವಾಗ ಹೊರಡೋದು?" ಎಂದು ಕೇಳಿದಳು. ಖುಷಿಗೆ ನಾನು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಕಾಲು ನೋಡುತ್ತಲೇ ಹೇಳಿದಳು:

"ಅವತ್ತು ಲಾಡ್ಜಲ್ಲಿ ಹೋಗಿ ಬಾ ಅಂದೆನಲ್ಲ. ನೀನು ಹೋಗಲ್ಲ ಅಂತೀಯ ಅಂದ್ಕೊಂಡಿದ್ದೆ ಕಣೇ."

ಆರು ವರ್ಷ ಅವಳು ಇದನ್ನು ಒಳಗೇ ಇಟ್ಟುಕೊಂಡಿದ್ದಳು. ಆರು ವರ್ಷ ನಾನು, ಪಾಪ ಅವಳಿಗೆ ಹಿಮ ಸಿಗಲಿಲ್ಲ ಎಂದಷ್ಟೇ ಮರುಗಿದ್ದೆ.

"ಹೋಗಬಾರದಿತ್ತು ಅಕ್ಕ" ಅಂದೆ. ಅಳು ಬಂತು.

"ಹೂಂ, ಹೋಗಬಾರದಿತ್ತು" ಅಂದಳು. "ಈಗ ಬಾಗ್ಲು ಹಾಕು, ಚಳಿ ಒಳಗೆ ಬರ್ತಿದೆ."