ಬಿಚ್ಚಿ ಮಡಿಸಿದ ಟವೆಲ್ಲುಗಳು

ಎಲ್ಲರಿಗಿಂತ ಮೊದಲು ಎದ್ದು, ಸದ್ದಾಗದಂತೆ ಚಿಲಕ ತೆಗೆಯುವುದು. ನಲ್ಲಿಯ ಕೆಳಗೆ ಕೊಡ ಇಟ್ಟು, ಅದು ತುಂಬುವಷ್ಟರಲ್ಲಿ ಬಾಗಿಲ ಮುಂದೆ ಗುಡಿಸುವುದು. ಇದ್ದಿಲು ಹೊತ್ತಿಸಿ, ಕೆಂಡ ಕೆಂಪಗಾಗುವ ತನಕ ಹಿಂದಿನ ದಿನದ ಬಟ್ಟೆಗೆ ನೀರು ಚಿಮುಕಿಸಿ ಸುರುಳಿ ಸುತ್ತಿಡುವುದು. ಹಾಲು ಕಾಯಿಸುವುದು, ಗಂಡನ ಡಬ್ಬಿಗೆ ಅನ್ನಕ್ಕಿಡುವುದು, ಮಗನ ಅಂಗಿಗೆ ಬಿದ್ದುಹೋದ ಗುಂಡಿ ಹಾಕುವುದು. ಅನ್ನ ಬೇಯುವ ಮುಂಚೆ ಎರಡು ಪ್ಯಾಂಟಿಗಾದರೂ ಇಸ್ತ್ರಿ ಎಳೆದು ಮುಗಿಸುವುದು.

ಬೆಳಕು ಹರಿಯುವ ಮುಂಚಿನ ಇದನ್ನು ಆ ಮನೆಯಲ್ಲಿ ಯಾರೂ ಕೆಲಸ ಎನ್ನುತ್ತಿರಲಿಲ್ಲ. ಬೆಳಕು ಹರಿದು, ಮುಂದಿನ ಕೋಣೆಯ ಬಾಗಿಲು ತೆರೆದು, ಗಿರಾಕಿ ಬಂದ ಮೇಲೆ ಮಾಡಿದ್ದಕ್ಕೆ ಮಾತ್ರ ಆ ಹೆಸರು.

ನಾವೆಲ್ಲ ಆಕೆಯನ್ನು ಇಸ್ತ್ರಿಯಮ್ಮ ಎಂದೇ ಕರೆದೆವು. ನಮ್ಮ ಬೀದಿಯ ಅರ್ಧ ಜನ ಕಚೇರಿಗೂ ಸಂದರ್ಶನಕ್ಕೂ ಹೋದದ್ದು ಆಕೆ ಮಡಿಸಿಕೊಟ್ಟ ಬಟ್ಟೆಯಲ್ಲಿ. ಅಂಗಿಯನ್ನು ಮೇಜಿನ ಮೇಲೆ ಒಮ್ಮೆ ಕೊಡವಿದರೆ ಸಾಕು, ತೋಳು ತಾನಾಗಿಯೇ ಬೆನ್ನ ಹಿಂದೆ ಹೋಗಿ ಮಲಗುತ್ತಿತ್ತು. ಬಾಯಿ ಗಿರಾಕಿಯೊಂದಿಗೆ ಹರಟುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಆ ಕೈ ನಿಂತಿತು. ಸುಟ್ಟ ವಾಸನೆಗೆ ಒಳಗಿಂದ ಓಡಿಬಂದ ಸೊಸೆ ನೋಡುತ್ತಾಳೆ, ಹಾಸಿಗೆಯ ಹೊದಿಕೆಯ ಮೇಲೆ ಇಸ್ತ್ರಿಪೆಟ್ಟಿಗೆ ಹೊಗೆಯಾಡುತ್ತಿದೆ, ಅತ್ತೆ ಅದರ ಹಿಡಿಯನ್ನು ಹಿಡಿದು ಸುಮ್ಮನೆ ನಿಂತಿದ್ದಾಳೆ. "ಎತ್ತು ಅಂದೆ. ಕೈ ಎತ್ತಲಿಲ್ಲ. ಯಾರೋ ಬೇರೆಯವರ ಕೈ ಅನ್ನಿಸ್ತು," ಎಂದು ಇಸ್ತ್ರಿಯಮ್ಮ ಆಮೇಲೆ ಹೇಳುತ್ತಿದ್ದಳು. ಲಕ್ವ ಹೊಡೆದಿತ್ತು, ಬಲಭಾಗಕ್ಕೆ.

ಆಸ್ಪತ್ರೆಯಿಂದ ಬಂದಾಗ ಕೋಲು ಹಿಡಿದು ನಡೆಯುತ್ತಿದ್ದಳು. ಮಾತು ಎಳೆದೆಳೆದು ಬರುತ್ತಿತ್ತು, ಆದರೆ ಬರುತ್ತಿತ್ತು. ಬದುಕಿತಲ್ಲ ಜೀವ ಎಂದು ಮನೆಯವರು ಕಿಟಕಿಯ ಪಕ್ಕ ಒಳ್ಳೆಯ ಕುರ್ಚಿ ಹಾಕಿ, ದಿಂಬು ಕೊಟ್ಟು ಕೂರಿಸಿದರು. ಬಸ್ ಓಡಿಸುವ ಗಂಡ ಬೀದಿಗೆಲ್ಲ ಹೇಳಿಕೊಂಡು ಬಂದ: "ಇನ್ಮೇಲೆ ಅವಳಿಗೆ ರಾಣಿ ಯೋಗ. ಹುಲ್ಲುಕಡ್ಡಿ ಎತ್ತಿಡೋಕೂ ಬಿಡಲ್ಲ." ಹುಲ್ಲುಕಡ್ಡಿಯನ್ನು ಎತ್ತಿಡುವವಳು ಈಗ ಸೊಸೆ. ಚಿಲಕ, ನಲ್ಲಿ, ಇದ್ದಿಲು, ಹಾಲು, ಡಬ್ಬಿ, ಗುಂಡಿ, ಎಲ್ಲ ಅವಳ ಪಾಲಿಗೆ ಬಂದವು. ಒಬ್ಬ ಹೆಂಗಸಿನ ಕೈ ಬಿದ್ದರೆ ಇನ್ನೊಬ್ಬಳ ಕೈಗೆ ಹೋಗುವ ಆಸ್ತಿ ಅದು. ಗಂಡಸರು ಅದರಲ್ಲಿ ಎಂದೂ ಪಾಲು ಕೇಳುವುದಿಲ್ಲ.

ರಾಣಿ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಕೊಡ ತುಂಬಿ ಚೆಲ್ಲುತ್ತಿದೆ. ಹಾಲು ಉಕ್ಕುತ್ತಿದೆ. ಮೊದಮೊದಲು ಕೂಗಿ ಹೇಳುತ್ತಿದ್ದಳು. ಬರಬರುತ್ತ ಉಕ್ಕಿದರೆ ಉಕ್ಕಲಿ ಎನ್ನಿಸಿತು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಎಂದು ಯಾವಾಗಲೋ ಸೋಮಾರಿ ಮೈದುನನಿಗೆ ತಾನೇ ಆಡಿದ ಮಾತು ತಟ್ಟೆಯ ಮುಂದೆ ಕೂತಾಗಲೆಲ್ಲ ನೆನಪಾಗಿ ತುತ್ತು ಇಳಿಯುತ್ತಿರಲಿಲ್ಲ.

ಕೈಗೆ ವ್ಯಾಯಾಮ ಬೇಕು, ಪರಿಚಿತ ಕೆಲಸವಾದರೆ ಇನ್ನೂ ಒಳ್ಳೆಯದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಹಾಗಾಗಿ ಸೊಸೆ ಒಂದು ಬೆಳಿಗ್ಗೆ ಬುಟ್ಟಿ ತುಂಬ ಟವೆಲ್ಲು ತಂದು ಮಡಿಲಿಗೆ ಇಟ್ಟಳು. "ಲಾಡ್ಜಿಂದ ಬಂದಿದೆ ಅತ್ತೆ. ಮಡಿಸಿಕೊಟ್ರೆ ನಂಗೊಂದು ಕೈ ಆಗುತ್ತೆ."

ಆ ದಿನಗಳನ್ನು ನೋಡಿದವರು ಮರೆಯಲಾರರು. ಬಲಗೈಯನ್ನು ಎಡಗೈಯಿಂದ ಎತ್ತಿ ಬಟ್ಟೆಯ ಮೇಲೆ ಭಾರಕ್ಕಿಡುವುದು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚುವುದು. ಗದ್ದದಿಂದ ನಡುವನ್ನು ಅದುಮುವುದು. ಒಂದು ಟವೆಲ್ಲಿಗೆ ಹಣೆಯ ಮೇಲೆ ಬೆವರು. ಮಗು ಹೊಸದಾಗಿ ನಡೆಯುವುದನ್ನು ನೋಡಿ ಬೆರಗಾಗುತ್ತೇವಲ್ಲ, ಅದಕ್ಕಿಂತ ದೊಡ್ಡ ಬೆರಗು ಇದು: ಮಗುವಿಗೆ ತಾನು ಹಿಂದೆ ಓಡುತ್ತಿದ್ದ ನೆನಪಿರುವುದಿಲ್ಲ. ಆಕೆ ಮತ್ತೆ ಉಣ್ಣತೊಡಗಿದಳು. ಬೀದಿಯಲ್ಲಿ ಹೋಗುವವರನ್ನು ಕಿಟಕಿಯಿಂದ ಕೂಗಿ ಚುಡಾಯಿಸತೊಡಗಿದಳು.

ಆಮೇಲೊಂದು ದಿನ, ಬುಟ್ಟಿಯಿಂದ ತೆಗೆದ ಟವೆಲ್ಲಿನಲ್ಲಿ ಒಂದು ಗೆರೆ ಕಂಡಿತು. ನಡುವಿನಿಂದ ಹೊರಟು ಮೂಲೆಗೆ ಓರೆಯಾಗಿ ಜಾರಿದ ಸೊಟ್ಟ ಮಡಿಕೆಯ ಗೆರೆ. ಇನ್ನೊಂದು ತೆಗೆದಳು. ಅದರಲ್ಲೂ ಅದೇ. ಜೀವಮಾನವೆಲ್ಲ ಬಟ್ಟೆಯ ಗೆರೆ ಅಳಿಸಿದವಳಿಗೆ ತನ್ನದೇ ಗೆರೆ ಗೊತ್ತಾಗುವುದಿಲ್ಲವೆ? ಯಾವ ಲಾಡ್ಜೂ ಇಲ್ಲ. ನಿನ್ನೆ ಮಡಿಸಿದ್ದನ್ನೇ ಬಿಚ್ಚಿ, ಇವತ್ತು ಕೊಟ್ಟಿದ್ದರು.

ಬುಟ್ಟಿಯನ್ನು ಎಡಗಾಲಿನಿಂದ ಮೆಲ್ಲಗೆ ದೂರ ಸರಿಸಿದಳು. ಅಂದಿನಿಂದ ಮಾತು ನಿಂತಿತು. ಊಟ ನಿಂತಂತೆಯೇ ಆಯಿತು. ತಲೆ ಬಾಚಲು ಬಂದರೆ ಮುಖ ತಿರುಗಿಸುತ್ತಿದ್ದಳು. ಕೋಲು ಗೋಡೆಗೆ ಒರಗಿದಲ್ಲೇ ಧೂಳು ಹಿಡಿಯಿತು. ಮುಖ ಊದಿಸಿಕೊಂಡಿದ್ದಾಳೆ ಎಂದ ಗಂಡ. ವಯಸ್ಸಾಯಿತು ಎಂದರು ನೆಂಟರು.

ಮನೆಮನೆಗೆ ಬರುವ ನರ್ಸಮ್ಮ ಬಿ.ಪಿ. ನೋಡಲು ಬಂದಾಗ ಗಂಡನೇ ಉತ್ತರ ಕೊಟ್ಟ.

"ಚೆನ್ನಾಗೇ ಇದಾಳೆ ಸಿಸ್ಟರ್. ಸ್ವಲ್ಪ ಹಠ, ಅಷ್ಟೆ."

"ನಾನು ಅವರನ್ನ ಕೇಳಿದ್ದು."

"ಅವಳ ಮಾತು ನಿಮಗೆ ಅರ್ಥ ಆಗಲ್ಲ."

"ಆಗೋ ತನಕ ಕೂತಿರ್ತೀನಿ. ನಿಮ್ಮ ಬಸ್ಸಿಗೆ ಹೊತ್ತಾಯ್ತೇನೋ, ನೋಡಿ."

ಅವನು ಗೊಣಗುತ್ತ ಹೋದ ಮೇಲೆ ನರ್ಸಮ್ಮ ಕುರ್ಚಿಯ ಹತ್ತಿರ ನೆಲದ ಮೇಲೆಯೇ ಕೂತಳು. "ಮನಸ್ಸು ಹೇಗಿದೆಯಮ್ಮ?"

ಮಿದುಳು, ರಕ್ತ, ಕಾಲು, ನಾಲಿಗೆ, ಎಲ್ಲವನ್ನೂ ಕೇಳಿದ್ದವರು ಇದನ್ನು ಕೇಳಿರಲಿಲ್ಲ. ಇಸ್ತ್ರಿಯಮ್ಮ ಬಾಯಿ ತೆರೆದಳು. "ಬೆಳಗಾಗೋದೇ... ಬೇಡ ಅನ್ಸುತ್ತೆ."

"ಸಾಯ್ಬೇಕು ಅಂತ? ಏನಾದ್ರೂ ಮಾಡ್ಕೊಳ್ಳೋ ಯೋಚನೆ?"

"ಇಲ್ಲ. ಅದಕ್ಕೂ... ಎದ್ದು ಓಡಾಡ್ಬೇಕಲ್ಲ."

ನರ್ಸಮ್ಮ ನಗಲಿಲ್ಲ. ಮತ್ತೆ ಕೇಳಿದಳು, ಬೇರೆ ರೀತಿಯಲ್ಲಿ ಕೇಳಿದಳು, ಖಾತ್ರಿಯಾದ ಮೇಲೆಯೇ ಬಿಟ್ಟಳು. ಆಮೇಲೆ ಹೇಳಿದಳು: "ಲಕ್ವ ಬರೀ ಕೈಕಾಲಿಗೆ ಹೊಡೆಯಲ್ಲಮ್ಮ, ಮನಸ್ಸಿಗೂ ಹೊಡೆಯುತ್ತೆ. ತುಂಬ ಜನಕ್ಕೆ ಹೀಗಾಗುತ್ತೆ. ಇದು ಹಠ ಅಲ್ಲ, ಕಾಯಿಲೆ. ಔಷಧ ಇದೆ, ಮಾತಾಡಿಸಿ ವಾಸಿಮಾಡೋ ಡಾಕ್ಟರೂ ಇದಾರೆ. ಗುರುವಾರ ಬೀದಿ ಕೊನೆಯ ಕ್ಲಿನಿಕ್ಕಿಗೆ ಬರ್ತಾರೆ. ಯಾವಾಗಿಂದ ಹೀಗೆ?"

"ಟವೆಲ್ಲು," ಎಂದಳು ಇಸ್ತ್ರಿಯಮ್ಮ. "ಅದೇ ಟವೆಲ್ಲು... ದಿನಾ."

ಮೇಜಿನ ಹತ್ತಿರ ಇಸ್ತ್ರಿಯ ಸದ್ದು ನಿಂತಿತು. ಸೊಸೆ ಬಾಗಿಲಿಗೆ ಬಂದಳು. "ಅತ್ತೆ, ನಿಮಗೆ ಗೊತ್ತಿತ್ತಾ?"

"ನನ್ನ ಮಡಿಕೆ... ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಬೈಲಿಲ್ಲ?"

"ಬೈಯೋಕೂ... ಮನಸ್ಸು ಬೇಕು."

ಸೊಸೆ ಅಲ್ಲೇ ಕುಸಿದು ಕೂತು ಅತ್ತಳು. "ಏನು ಮಾಡ್ಲಿ ನಾನು? ಸೊಟ್ಟ ಮಡಿಸಿದ್ದನ್ನ ಗಿರಾಕಿಗೆ ಹೇಗೆ ಕೊಡ್ಲಿ, ಸೊಟ್ಟ ಅಂತ ನಿಮಗೆ ಹೇಗೆ ಹೇಳ್ಲಿ? ನೀವು ಮಧ್ಯಾಹ್ನ ಮಲಗಿದಾಗ ಒಂದೊಂದೇ ಬಿಚ್ಚುತ್ತಿದ್ದೆ. ನನ್ನ ಬೆನ್ನು ಬಿದ್ದುಹೋಗಿದೆ ಅತ್ತೆ."

ಇಸ್ತ್ರಿಯಮ್ಮ ಅವಳನ್ನು ಹೊಸದಾಗಿ ನೋಡುವಂತೆ ನೋಡಿದಳು. ಇಷ್ಟೆಲ್ಲ ಕೆಲಸದ ಮೇಲೆ ಆ ಕೆಲಸವನ್ನೂ ಮಾಡಿದ್ದಾಳೆ, ಯಾರಿಗೂ ಕಾಣದ ಹಾಗೆ. ಪ್ರೀತಿಯೂ ಈ ಮನೆಯಲ್ಲಿ ಒಬ್ಬ ಹೆಂಗಸಿನ ಬೆನ್ನುನೋವಾಗಿಯೇ ಬರಬೇಕೆ? ಎಡಗೈ ಚಾಚಿ ಸೊಸೆಯ ತಲೆಯ ಮೇಲಿಟ್ಟಳು. "ಇನ್ಮೇಲೆ ಸೊಟ್ಟ ಅಂದ್ರೆ... ಸೊಟ್ಟ ಅನ್ನು."

ಗುರುವಾರ ಬಂತು. ಅದೇ ಬೆಳಿಗ್ಗೆ ಮದುವೆ ನಡೆಯುವ ಮನೆಯೊಂದರಿಂದ ದೊಡ್ಡ ಗಂಟು ಬಂತು. ಸೊಸೆ ಅದರಿಂದ ಕರವಸ್ತ್ರ, ದಿಂಬಿನ ಚೀಲಗಳನ್ನು ಬೇರೆ ಮಾಡಿ, ಇಸ್ತ್ರಿ ಎಳೆದು, ಮಡಿಸಲು ಅತ್ತೆಯ ಮುಂದೆ ಸುರಿದಳು. "ಇದು ನಿಜದ ಕೆಲಸ ಅತ್ತೆ, ಸಂಜೆಗೇ ಕೊಡ್ಬೇಕು. ಒಬ್ಬಳೇ ಸಾಯ್ತೀನಿ. ಸೊಟ್ಟ ಆದ್ರೆ ಹೇಳ್ತೀನಿ, ಆಯ್ತಾ?"

ಗಂಡನಿಗೆ ಸಂತೋಷವಾಯಿತು. "ನೋಡು, ಕೆಲಸಕ್ಕೆ ಕೂತೆ, ಎಲ್ಲಾ ಸರಿಹೋಯ್ತು. ಇನ್ನು ಆ ಡಾಕ್ಟ್ರು ಗೀಕ್ಟ್ರು ಯಾಕೆ? ಹೋದ್ರೆ ಜನ ಹುಚ್ಚಿ ಅಂತಾರೆ. ಮುಂದಿನ ವಾರ ನೋಡೋಣ." ಹೇಳಿ ಬಸ್ಸಿಗೆ ಹೋದ. ಮಗ ಆಗಲೇ ಕೆಲಸಕ್ಕೆ ಹೋಗಿದ್ದ. ಸೊಸೆ ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಮಹಡಿ ಹತ್ತಿದಳು.

ಮನೆಯಲ್ಲಿ ಆಕೆಯೊಬ್ಬಳೇ. ಮಡಿಲಲ್ಲಿ ಕರವಸ್ತ್ರ ಇನ್ನೂ ಬೆಚ್ಚಗಿತ್ತು. ಇದಕ್ಕಾಗಿಯೇ ಅಲ್ಲವೆ ಜೀವ ಕಾದಿದ್ದು: ಯಾರಿಗೋ ನಿಜವಾಗಿ ಬೇಕಾದ ಕೆಲಸ. ಕೈ ಆಗಲೇ ಮೊದಲ ಮಡಿಕೆ ಹಾಕಿತ್ತು. ಆದರೆ ಲಕ್ವದ ನಂತರ ದಿನಕ್ಕೆ ಸಿಗುವ ಶಕ್ತಿ ಒಂದು ಲೋಟದಷ್ಟು. ಇಲ್ಲಿ ಸುರಿದರೆ ಕ್ಲಿನಿಕ್ಕಿನ ತನಕ ನಡೆಯಲು ಇಲ್ಲ. ಈ ರಾಶಿ ಮುಗಿದರೆ ಮನೆಯವರೆಲ್ಲ ಗುಣವಾಯಿತು ಎನ್ನುತ್ತಾರೆ. ಬೆಳಗಾಗುವುದು ಬೇಡ ಎನ್ನಿಸುವುದು ಮಾತ್ರ ಎದೆಯೊಳಗೆ ಹಾಗೇ ಇರುತ್ತದೆ. ಇವತ್ತು ಮುಂಜಾನೆಯೂ ಇತ್ತು.

ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟು, ತನಗೋಸ್ಕರ ಆಕೆ ಎಂದೂ ಎಲ್ಲಿಗೂ ಹೋದವಳಲ್ಲ.

ಕರವಸ್ತ್ರಗಳನ್ನು ಕುರ್ಚಿಯ ಪಕ್ಕಕ್ಕಿಟ್ಟಳು. ಬಲಗಾಲನ್ನು ಕೈಯಿಂದ ಎತ್ತಿ ಚಪ್ಪಲಿಯೊಳಗೆ ತೂರಿಸಿದಳು. ಅದು ಜಾರಿತು, ಮತ್ತೆ ತೂರಿಸಿದಳು. ಕೋಲಿನ ಧೂಳನ್ನು ಸೆರಗಿಗೆ ಒರೆಸಿಕೊಂಡಳು. ಮಹಡಿಯ ಮೇಲಿನ ಸೊಸೆಯನ್ನು ಕರೆಯಲು ಬಾಯಿ ತೆರೆದವಳು, ಕರೆಯದೆ ಬೀದಿಗಿಳಿದು ಕ್ಲಿನಿಕ್ಕಿನ ಕಡೆ ತಿರುಗಿದಳು.